ಎರಡು ಬೆರಳು ಹೆಚ್ಚಾದ ಜೋಳದ ದಂಟು

ನನ್ನ ಪುಸ್ತಕದ ಕಪಾಟಿನಲ್ಲಿ, ನಿಘಂಟಿಗೂ ವ್ಯಾಕರಣದ ಪುಸ್ತಕಕ್ಕೂ ನಡುವೆ, ಒಂದು ಒಣಗಿದ ಜೋಳದ ದಂಟು ನಿಂತಿದೆ. ಮಾಸ್ತರರು ಹೊಲದ ನೆನಪಿಗೆ ಇಟ್ಟುಕೊಂಡಿರಬೇಕು ಎಂದು ಮನೆಗೆ ಬಂದವರು ತಿಳಿಯುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಂತೂ ಅದಕ್ಕೆ ಕೈಮುಗಿದೇ ಬಿಟ್ಟ. ನಾನು ತಡೆಯಲಿಲ್ಲ. ಅದು ನನ್ನ ಮೊಣಕಾಲು ಎಂದು ಅವನಿಗೆ ಹೇಗೆ ಹೇಳಲಿ? ಅದೂ ಇದ್ದಷ್ಟು ಮೊಣಕಾಲಲ್ಲ, ಎರಡು ಬೆರಳು ಹೆಚ್ಚು ಮಾಡಿ ಹೇಳಿದ ಮೊಣಕಾಲು.

ಇದರ ಕತೆ ನಿಮಗೆ ಹೇಳೋಣ ಎಂದು ಕೂತಿದ್ದೇನೆ. ಎಲ್ಲಿಂದ ಶುರು ಮಾಡಿದರೂ ನನ್ನ ಮಾನ ಉಳಿಯುವ ಹಾಗೆ ಕಾಣುವುದಿಲ್ಲ. ಆದ್ದರಿಂದ ಮೊದಲು ಒಳ್ಳೆಯವರ ವಿಷಯ ಹೇಳಿಬಿಡುತ್ತೇನೆ.

ರಾಣೇಬೆನ್ನೂರಿನ ಮೌನೇಶಪ್ಪ ಕಾಕಾ ನಮ್ಮ ಮನೆತನದ ಬಡಿಗೇರರು. ರಕ್ತಸಂಬಂಧವೇನೂ ಇಲ್ಲ. ನಮ್ಮೂರು ಐರಣಿಯಲ್ಲಿ ಅವರ ತಂದೆ ನಮ್ಮ ಕೂರಿಗೆ, ಕುಂಟೆ ಮಾಡಿಕೊಡುತ್ತಿದ್ದರು. ಸುಗ್ಗಿಯಲ್ಲಿ ನಮ್ಮ ಕಣದಿಂದ ಅವರ ಪಾಲಿನ ಜೋಳ ಅವರ ಮನೆಗೆ ಹೋಗುತ್ತಿತ್ತು. ಟ್ರ್ಯಾಕ್ಟರ್ ಬಂದು ಕೂರಿಗೆ ಮೂಲೆ ಸೇರಿದ ಮೇಲೆ ಕಾಕಾ ರಾಣೇಬೆನ್ನೂರಿಗೆ ಬಂದು ತಗಡಿನ ಶೆಡ್ಡು ಹಾಕಿದರು, ಬಾಗಿಲು, ಕಿಟಕಿ, ಕುರ್ಚಿ, ಮಂಚ ಮಾಡತೊಡಗಿದರು. ಹಾವೇರಿಯಲ್ಲಿ ನಾನು ಮನೆ ಕಟ್ಟಿಸಿದಾಗ ತಲೆಬಾಗಿಲ ಚೌಕಟ್ಟು ಅವರದೇ. ಅದನ್ನು ಉಸುಕಿನ ಕಾಗದದಿಂದ ತಿಕ್ಕಿದ ಮೇಲೆ ಮಗುವಿನ ಕೆನ್ನೆ ಮುಟ್ಟಿದ ಹಾಗೆ ಒಮ್ಮೆ ಮುಟ್ಟಿ, "ಮುಗೀತು" ಎಂದಿದ್ದರು.

ಕುರ್ಚಿಯ ಅಳತೆಗೆ ಕಾಕಾ ಟೇಪು ಹಿಡಿಯುವುದಿಲ್ಲ. "ಟೇಪು ಗ್ವಾಡಿ ಅಳ್ಯಾಕ ಐತ್ರಿ, ಮನಶ್ಯಾರನ್ನ ಅಳ್ಯಾಕಲ್ಲ" ಎನ್ನುತ್ತಾರೆ. ಮನೆಯ ಒಬ್ಬೊಬ್ಬರ ಕೈಗೂ ಒಂದೊಂದು ಜೋಳದ ದಂಟು ಕೊಡುತ್ತಾರೆ. ಬರಿಗಾಲಲ್ಲಿ ನಿಂತು, ದಂಟನ್ನು ಕಾಲಿನ ಪಕ್ಕ ನಿಲ್ಲಿಸಿ, ಮೊಣಕಾಲು ಮಡಚುವ ಜಾಗಕ್ಕೆ ಸರಿಯಾಗಿ ಮುರಿದು ಕೊಡಬೇಕು. ಹೆಣ್ಣುಮಕ್ಕಳ ಕಾಲನ್ನು ಬಡಿಗೇರ ಮುಟ್ಟಬಾರದೆಂದು ಅವರ ಅಜ್ಜನ ಕಾಲದಲ್ಲಿ ಮಾಡಿಕೊಂಡ ಪದ್ಧತಿಯಂತೆ ಅದು. ಈಗ ಗಂಡಸರಿಗೂ ಅದೇ. ಅವರವರ ದಂಟು ಅವರವರೇ ಮುರಿಯಬೇಕು. ಅದರ ಮೇಲೆ ಪೆನ್ಸಿಲಿನಿಂದ ಹೆಸರು ಬರೆದು ಕಾಕಾ ಒಯ್ಯುತ್ತಾರೆ.

ನಮ್ಮ ಮನೆಯಲ್ಲಿ ಅಳತೆಯ ದಿನ ಗೋಡೆಯ ಗಾರೆ ಇನ್ನೂ ಹಸಿಯಿತ್ತು. ಕಾಕಾ ಮೊದಲ ದಂಟನ್ನು ನನ್ನ ಹೆಂಡತಿ ಶಶಿಕಲಾಳ ಕೈಗೆ ಕೊಟ್ಟರು. "ಮನ್ಯಾಗ ಯಾರಿಗೆ ಕುಂದ್ರಾಕ ವ್ಯಾಳ್ಯಾ ಇರೂದಿಲ್ಲೋ ಅವರ ಕುರ್ಚಿ ಮೊದಲ ಮಾಡಬೇಕ್ರಿ ಮಾಸ್ತರ" ಎಂದರು. ಅವಳು ಒಳಗಿನ ಗೋಡೆಯ ಮರೆಗೆ ಹೋಗಿ ಟಕ್ಕೆಂದು ಮುರಿದು ತಂದಳು. ಜೊತೆಗೆ, "ಕಾಕಾ, ಕೈ ಊರಿ ಏಳೂ ಹಂಗ ಇರ್ಲಿ. ಹಿಟ್ಟಿನ ಕೈಲೆ ಮುಟ್ಟಿದ್ರೂ ಕಲಿ ಬೀಳಬಾರದು" ಎಂದಳು. ಇಷ್ಟು ವರ್ಷ ಸಂಸಾರ ಮಾಡಿದ್ದರಲ್ಲಿ ಅವಳು ತನಗಾಗಿ ಇಷ್ಟು ಬಿಡಿಸಿ ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ.

ನನ್ನ ಸರದಿ ಬಂತು. ನಾನು ಆಳು ಗಿಡ್ಡ. ಎತ್ತರದ ಕುರ್ಚಿಯಲ್ಲಿ ಕೂತರೆ ಮಾಸ್ತರಿಕೆಗೆ ಒಪ್ಪುತ್ತದೆ ಎಂದುಕೊಂಡು ದಂಟನ್ನು ಎರಡು ಬೆರಳು ಮೇಲೆ ಹಿಡಿದು ಮುರಿದೆ. ಕಾಕಾ ದಂಟು ನೋಡಿದರು, ನನ್ನ ಕಾಲು ನೋಡಿದರು.

"ಮಾಸ್ತರ, ಕಾಲು ಜೋತಾಡ್ತಾವ ನೋಡ್ರಿ."

"ಇರ್ಲಿ ಬಿಡ್ರಿ ಕಾಕಾ, ಚಪ್ಪಲ್ ಹಾಕ್ಕೊಂಡು ಕುಂದರತೀನಿ."

ಅವರು ನಕ್ಕು ಹೆಸರು ಬರೆದುಕೊಂಡರು. ಶಶಿಕಲಾ ಅವರ ಟವೆಲಿಗೆ ಎಲೆ, ಅಡಿಕೆ, ತೆಂಗಿನಕಾಯಿ ಹಾಕಿದಳು. ನಮ್ಮ ಕಡೆ ಎಲೆ ಅಡಿಕೆ ಕೊಟ್ಟರೆ ಮಾತು ಕೊಟ್ಟ ಹಾಗೆಯೇ. ಕಾಗದ ಪತ್ರ ಏನೂ ಬೇಕಿಲ್ಲ. ಕಾಕಾ ಎರಡು ಮಳೆಗಾಲ ಕಂಡ ಸಾಗವಾನಿ ಹಲಗೆಗಳನ್ನು ನಮಗೆಂದು ತೆಗೆದಿಟ್ಟು, ಅದರ ಮೇಲೆ ಸೀಮೆಸುಣ್ಣದಲ್ಲಿ 'ಮಾಸ್ತರ ಮನಿ' ಎಂದು ಬರೆದರು. ಬೇರೆಯವರು ಕೇಳಿದರೂ ಕೊಡಲಿಲ್ಲವೆಂದು ಆಮೇಲೆ ತಿಳಿಯಿತು.

ಕುರ್ಚಿ ಎಂದರೆ ನನಗೆ ಚಿಕ್ಕಂದಿನಿಂದಲೂ ಒಂದು ಬಗೆಯ ಹಸಿವು. ಐರಣಿಯ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಕಾಕಾನ ತಂದೆ ಜಾಲಿ ಕಟ್ಟಿಗೆಯಲ್ಲಿ ಮಾಡಿದ್ದು. ಅದು ಮನೆಯವರಿಗಲ್ಲ. ತಲಾಠಿ ಬಂದರೆ, ಸಾಲಿ ಮಾಸ್ತರರು ಬಂದರೆ, ಕನ್ಯೆ ನೋಡಲು ಬೀಗರು ಬಂದರೆ ಹೊರಗೆ ಬರುತ್ತಿತ್ತು. ಊರಲ್ಲಿ ಯಾರದೇ ಮದುವೆಯಿರಲಿ, ಮದುಮಗನಿಗಿಂತ ಮೊದಲು ನಮ್ಮ ಕುರ್ಚಿ ಹಂದರಕ್ಕೆ ಹೋಗುತ್ತಿತ್ತು. ಅಪ್ಪ ಕಟ್ಟೆಯ ಮೇಲೆ ಕೂರುತ್ತಿದ್ದ, ಅವ್ವ ಹೊಸ್ತಿಲ ಒಳಗೆ ನೆಲದ ಮೇಲೆ. ಎಲ್ಲರೂ ಹೊಲಕ್ಕೆ ಹೋದಾಗ ನಾನು ಕದ್ದು ಅದರ ಮೇಲೆ ಹತ್ತಿ, ಎದುರಿಗೆ ಕಟ್ಟಿದ ಎಮ್ಮೆಗೆ ಹಾಜರಿ ಕರೆಯುತ್ತಿದ್ದೆ. ಒಮ್ಮೆ ಅವ್ವ ನೋಡಿಬಿಟ್ಟಳು. ಬೈಯಲಿಲ್ಲ. "ಇಳಿ, ಯಾರರ ಬಂದಾರು" ಎಂದಳು ಅಷ್ಟೆ. ಕುರ್ಚಿ ಎನ್ನುವುದು ಬರುವವರ ಸಲುವಾಗಿ, ನಮ್ಮ ಸಲುವಾಗಿ ಅಲ್ಲ ಎನ್ನುವುದು ಆಗ ತಲೆಗೆ ಹೊಕ್ಕಿರಬೇಕು. ನಂತರದ ನನ್ನ ಘನಕಾರ್ಯಕ್ಕೆ ನಾನು ಹುಡುಕಿಕೊಂಡ ನೆಪ ಇದು, ನೀವು ನಂಬಬೇಕೆಂದೇನೂ ಇಲ್ಲ.

ಬ್ಯಾಡಗಿಯಲ್ಲಿ ನನ್ನ ಷಡ್ಡಕ ವಿರೂಪಾಕ್ಷಪ್ಪ ಇದ್ದಾರೆ. ಮೆಣಸಿನಕಾಯಿ ವ್ಯಾಪಾರ. ಅವರ ಮನೆಯ ಹೊಸ್ತಿಲು ದಾಟಿದರೆ ಮೊದಲು ಎರಡು ಸೀನು, ಆಮೇಲೆ ನಮಸ್ಕಾರ. ನಮ್ಮ ಮನೆಯ ಕೆಲಸ ನಡೆದಾಗ ಒಮ್ಮೆ ಅಲ್ಲಿಗೆ ಹೋದರೆ ಹಜಾರದ ತುಂಬ ಹೊಸ ಸೋಫಾ. ಮೆಣಸಿನಕಾಯಿ ಘಾಟು ಹಿಡಿಯಬಾರದೆಂದು ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕನ್ನು ಬಿಚ್ಚಿರಲಿಲ್ಲ. ಕೂತರೆ ಚರಚರ ಸದ್ದು. ಎದ್ದರೆ ಅಂಗಿಯ ಬೆನ್ನು ಅಂಟಿಕೊಂಡು ಬರುತ್ತಿತ್ತು.

"ಮಲೇಶಿಯಾದ್ದು ಮಾಸ್ತರ. ಹಡಗಿನ್ಯಾಗ ಬಂದೈತಿ" ಎಂದರು ವಿರೂಪಾಕ್ಷಪ್ಪ. "ನೀವೇನು ಮಾಡಸಾಕತ್ತೀರಿ?"

"ಇನ್ನೂ ನೋಡಾಕತ್ತೇನ್ರಿ" ಎಂದೆ.

ನೋಡುವುದೇನಿತ್ತು? ಎಲೆ ಅಡಿಕೆ ಕೊಟ್ಟಾಗಿತ್ತು. ನಮ್ಮ ಬಡಿಗೇರ ಮಾಡುತ್ತಾರೆ ಎನ್ನಲು ನಾಲಿಗೆ ಹೊರಳಲಿಲ್ಲ. ನಮ್ಮ ಹೊಸ ಮನೆಗೆ ಇವರು ಬಂದು ಕಟ್ಟಿಗೆಯ ಕುರ್ಚಿಯ ಮೇಲೆ ಕೂತು ಮುಗುಳ್ನಕ್ಕ ಹಾಗೆ ಕಣ್ಣಿಗೆ ಕಟ್ಟಿತು. ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು.

ಪರೀಕ್ಷೆಯ ಪೇಪರ್ ತಿದ್ದುವುದಿದೆ ಎಂದು ಮನೆಯಲ್ಲಿ ಹೇಳಿ ಹುಬ್ಬಳ್ಳಿಗೆ ಹೋದೆ. ಅಂಗಡಿಯೊಳಗೆ ಎಂಥ ತಂಪು ಎಂದರೆ, ಬೆವರು ಆರಿದ ಕೂಡಲೇ ನಾನು ದೊಡ್ಡ ಮನುಷ್ಯ ಅನಿಸಿಬಿಟ್ಟಿತು. ಟೈ ಕಟ್ಟಿದ ಒಬ್ಬಾತ ಬಂದು, "ಸರ್, ಇಂಪೋರ್ಟೆಡ್ ನೋಡ್ತೀರಾ, ಕಸ್ಟಮ್ ಮೇಡ್ ನೋಡ್ತೀರಾ?" ಎಂದು ಕೇಳಿದ. ಎರಡನೆಯದು ಇನ್ನೂ ದೂರದ ದೇಶದ್ದು ಇರಬೇಕೆಂದು ತಿಳಿದು ಅದನ್ನೇ ಮೊದಲು ತೋರಿಸು ಎಂದೆ. ಅವನು ವಿವರಿಸಿದ. ಮನೆಗೆ ಬಂದು ಅಳತೆ ತೆಗೆದುಕೊಂಡು, ಮನೆಯವರಿಗೆ ಹೊಂದುವ ಹಾಗೆ, ಗಟ್ಟಿ ಕಟ್ಟಿಗೆಯಲ್ಲಿ, ಕೈಯಿಂದ ಮಾಡಿಕೊಡುತ್ತಾರಂತೆ. ಬೆಲೆ ಇಂಪೋರ್ಟೆಡ್‌ಗಿಂತ ಹೆಚ್ಚು. ಅಂದರೆ ಮೌನೇಶಪ್ಪ ಕಾಕಾ ಟೈ ಕಟ್ಟಿಕೊಂಡಿಲ್ಲ, ಅಷ್ಟೇ ವ್ಯತ್ಯಾಸ. ಅಲ್ಲಿಂದಲೇ ನಾನು ಹೊರಳಿ ಬಂದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ನಾನು ಬೂದು ಬಣ್ಣದ ಇಂಪೋರ್ಟೆಡ್ ಸೋಫಾ ಸೆಟ್ಟಿಗೆ ಮುಂಗಡ ಕೊಟ್ಟು ಬಂದೆ.

ಅದೇ ವಾರ ನಮ್ಮ ಸಾಲೆಯಲ್ಲಿ ಭಾಷಣವಿತ್ತು. ನಮ್ಮ ನೆಲದ ಕಸುಬುಗಳನ್ನು ಉಳಿಸಬೇಕು ಎಂದು ಮುಕ್ಕಾಲು ತಾಸು ಮಾತಾಡಿದೆ. ಜೋಳದ ದಂಟಿನ ಅಳತೆಯನ್ನೂ ಬಣ್ಣಿಸಿದೆ. ಮಕ್ಕಳು ಬಹಳ ಹೊತ್ತು ಚಪ್ಪಾಳೆ ತಟ್ಟಿದರು.

ಶಶಿಕಲಾಳಿಗೆ, "ಕಾಕಾಗ ಈಗ ಪುರಸೊತ್ತು ಇಲ್ಲಂತ. ಮನಿ ಒಕ್ಕಲ ಹೊತ್ತಿಗೆ ಆಗೂದಿಲ್ಲ ಅಂದ್ರು" ಎಂದು ಹೇಳಿದೆ. ಅವಳ ಮುಖ ಸಣ್ಣದಾಯಿತು. "ಅವರು ಹಂಗ ಅನ್ನೂವ್ರಲ್ಲಲ್ಲ" ಎಂದಳು. ಮತ್ತೆ ಆ ಮಾತು ತೆಗೆಯಲಿಲ್ಲ. ಕಾಕಾನಿಗೆ ನಾನು ಏನೂ ಹೇಳಲಿಲ್ಲ. ಹೇಳುವ ದಿನವನ್ನು ಮುಂದಕ್ಕೆ ತಳ್ಳುತ್ತ ಹೋದೆ, ಸಾಲೆಯಲ್ಲಿ ಹೋಮ್‌ವರ್ಕ್ ಮಾಡದ ಹುಡುಗರು ಮಾಡುವ ಹಾಗೆ.

ಸೋಫಾ ಬಂದ ದಿನ ತಲೆಬಾಗಿಲಿನಲ್ಲಿ ಹಿಡಿಯಲಿಲ್ಲ. ತಂದವರು ಅಡ್ಡ ಮಾಡಿದರು, ಉದ್ದ ಮಾಡಿದರು, ಕೊನೆಗೆ ಬಾಗಿಲ ಕದ ಬಿಚ್ಚಿ ಜಗ್ಗಾಡಿ ಒಳಗೆ ಎಳೆದರು. ಸೋಫಾದ ಉಕ್ಕಿನ ಕಾಲು ಚೌಕಟ್ಟನ್ನು ಗೀರಿಕೊಂಡು ಹೋಯಿತು. ಒಂದು ಗೇಣು ಉದ್ದದ ಗಾಯ. ನಾನು ಅದಕ್ಕೆ ಬೂಟ್ ಪಾಲಿಶ್ ಬಳಿದೆ.

ಮನೆ ಒಕ್ಕಲಿಗೆ ಕಾಕಾ ಬಂದರು. ಮನೆ ಮಾಡಿಕೊಟ್ಟ ಬಡಿಗೇರರಿಗೆ ಅಂದು ಧೋತರ, ರುಮಾಲು ಕೊಟ್ಟು ಆಯೇರಿ ಮಾಡುವುದು ನಮ್ಮಲ್ಲಿಯ ರೂಢಿ. ಅವರು ಒಳಗೆ ಬರುವ ಮೊದಲು ಎಂದಿನಂತೆ ಚೌಕಟ್ಟಿನ ಮೇಲೆ ಕೈ ಆಡಿಸಿದರು. ಕೈ ಅರ್ಧಕ್ಕೆ ನಿಂತಿತು. ಬೆರಳು ಮೂಸಿ ನೋಡಿದರು, ಪಾಲಿಶ್ ವಾಸನೆ. ಆಮೇಲೆ ಒಳಗಿನ ಸೋಫಾ ನೋಡಿದರು.

"ಮಾಸ್ತರ, ಇದೇನು?"

ಆಗಲಾದರೂ ಖರೇ ಹೇಳಬಹುದಿತ್ತು. ಹಿಂದೆ ವಿರೂಪಾಕ್ಷಪ್ಪ ನಿಂತಿದ್ದರು. ನಾನು ಕಾಕಾನನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಅಂದೆ: "ನಂದೇನಿಲ್ಲ ಕಾಕಾ. ಶಶಿ ಕೇಳಲಿಲ್ಲ. ನಿಮ್ಮ ಕೆಲಸ ಹಳೇ ಕಾಲದ್ದು ಅಂದ್ಲು."

ಮೊದಲ ಎರಡು ಮಾತಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಮೂರನೆಯದು ಯಾಕೆ ಬಂತೋ ನನಗೆ ಇವತ್ತಿಗೂ ತಿಳಿಯದು. ಆ ಹೊತ್ತಿನಲ್ಲಿ ಶಶಿಕಲಾ ಅಡುಗೆಮನೆಯಲ್ಲಿ ಕಾಕಾನ ಮನೆಯವರಿಗೆಂದು ಬೇರೆ ಡಬ್ಬಿಗೆ ಹೋಳಿಗೆ ತುಂಬುತ್ತಿದ್ದಳು. ಕಾಕಾ ಆಯೇರಿ ತೆಗೆದುಕೊಂಡರು, ಊಟ ಮಾಡಿದರು. ಹೋಳಿಗೆ ಡಬ್ಬಿಯನ್ನು ಮಾತ್ರ ಕಟ್ಟೆಯ ಮೇಲೆಯೇ ಬಿಟ್ಟು ಹೋದರು. "ಮರತಾರ, ಪಾಪ" ಎಂದಳು ಅವಳು.

ಆಮೇಲೆ ಕಾಕಾ ನಮ್ಮ ಮನೆಗೆ ಬರುವುದು ನಿಂತಿತು. ಮೊದಲೆಲ್ಲ ಹಾವೇರಿಗೆ ಯಾವ ಕೆಲಸಕ್ಕೆ ಬಂದರೂ ಶಶಿಕಲಾಳ ಕೈಯ ಚಹಾ ಕುಡಿಯದೆ ಹೋಗುತ್ತಿರಲಿಲ್ಲ. ತವರಿನಲ್ಲಿ ಯಾರೂ ಉಳಿಯದ ಅವಳಿಗೆ ಅವರೇ ತವರಿನವರ ಹಾಗೆ ಇದ್ದರು. ಕಾಕಾನ ಮೊಮ್ಮಗಳ ಮದುವೆ ನಿಶ್ಚಯವಾದ ಸುದ್ದಿ ಯಾರಿಂದಲೋ ಬಂತು. ಅವಳು ಬಜಾರಿಗೆ ಹೋಗಿ ಹಸಿರು ಇಳಕಲ್ ಸೀರೆ ತಂದಿಟ್ಟಳು. ಕರೆಯಲು ಯಾರೂ ಬರಲಿಲ್ಲ. ಮದುವೆಯೂ ಆಗಿಹೋಯಿತು. "ನನ್ನ ಕೈಲೆ ಏನರ ತಪ್ಪಾಗೈತೇನು?" ಎಂದು ಅವಳು ನನ್ನನ್ನು ಎರಡು ಮೂರು ಸಲ ಕೇಳಿದಳು. "ಗದ್ದಲದಾಗ ಮರತಿರಬೇಕು" ಎಂದು ನಾನು ಪೇಪರು ಓದುತ್ತ ಹೇಳಿದೆ. ಪೇಪರು ಓದುವುದರಲ್ಲಿ ಅದನ್ನು ಮುಖಕ್ಕೆ ಅಡ್ಡ ಹಿಡಿಯುವ ಅನುಕೂಲವೂ ಇದೆ.

ಸೋಫಾದ ವಿಷಯಕ್ಕೆ ಬಂದರೆ, ಅದರಲ್ಲಿ ಕೂರುವುದು ಸುಲಭ, ಏಳುವುದು ಕಷ್ಟ. ಕೂತವರು ಹೂತು ಹೋಗುತ್ತಾರೆ, ಮೊಣಕಾಲು ಎದೆಗೆ ಬರುತ್ತದೆ. ವಯಸ್ಸಾದ ಬೀಗರನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಗುತ್ತಿತ್ತು. ಒಂದೂವರೆ ವರ್ಷಕ್ಕೆ ನಾನು ಕೂರುವ ಜಾಗದಲ್ಲಿ ಲಟ್ಟೆಂದು ಏನೋ ಮುರಿದು, ಕುಳಿ ಬಿತ್ತು. ಅಂಗಡಿಯವರು ಫೋನು ಎತ್ತಲಿಲ್ಲ. ನನ್ನನ್ನು ಕೇಳದೆ ಶಶಿಕಲಾ ಕಾಕಾನಿಗೆ ಫೋನು ಮಾಡಿಬಿಟ್ಟಳು. ಅವರು ಬರುವುದಿಲ್ಲ ಎಂದು ನಾನು ಧೈರ್ಯದಿಂದ ಇದ್ದೆ. ಮರುದಿನ ಬೆಳಿಗ್ಗೆಯೇ ಚೀಲ ಹಿಡಿದು ಬಂದರು.

ಸೋಫಾವನ್ನು ಬೋರಲು ಹಾಕಿ ಕೆಳಗಿನ ಕರಿ ಬಟ್ಟೆಯನ್ನು ಕೊಯ್ದರು. ತೆಳ್ಳನೆಯ ಪ್ಲೈ, ಸ್ಪಂಜು, ಸಾಲುಸಾಲು ಪಿನ್ನು. "ಮೊಳಿ ಹಿಡ್ಯಾಕ ಇದರಾಗ ಕಟ್ಟಿಗಿನ ಇಲ್ಲಲ್ರಿ" ಎಂದರು. ಶಶಿಕಲಾ ಚಹಾ ತಂದು ಅವರ ಎದುರಿಗೆ ನೆಲದ ಮೇಲೆ ಕೂತಳು.

"ಕಾಕಾ, ಆವಾಗ ನಿಮಗ ಒಂದೀಟು ಪುರಸೊತ್ತು ಸಿಕ್ಕಿದ್ರ ನಮಗ ಈ ಗೋಳು ಇರ್ತಿದ್ದಿಲ್ಲ ನೋಡ್ರಿ."

ಕಾಕಾ ಕೈಯಲ್ಲಿನ ಇಕ್ಕಳ ಕೆಳಗಿಟ್ಟರು. "ಪುರಸೊತ್ತು? ನನಗ? ಹಲಗಿ ತಗದಿಟ್ಟು ಕುಂತಿದ್ನೆಲ್ಲವಾ ತಂಗಿ. ನನ್ನ ಕೆಲಸ ಹಳೇ ಕಾಲದ್ದು ಅಂತ ನೀನ ಬ್ಯಾಡ ಅಂದಿಯಂತ."

ಅವಳು ನನ್ನ ಕಡೆ ನೋಡಿದಳು. ಬಹಳ ಹೊತ್ತೇನೂ ಅಲ್ಲ. ಆಮೇಲೆ ಕಾಕಾನ ಕಡೆ ತಿರುಗಿ ಸೆರಗು ಸರಿ ಮಾಡಿಕೊಂಡಳು.

"ಹೌದ್ರಿ ಕಾಕಾ. ನಾನ ಅಂದಿದ್ದೆ. ತಪ್ಪಾತು. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ನಾನು ಬಾಯಿ ತೆರೆಯಬೇಕಾಗಿತ್ತು. ಮುಕ್ಕಾಲು ತಾಸು ಭಾಷಣ ಬಿಗಿಯುವ ಬಾಯಿ ಅದು. ಸೋಫಾದ ಪಿನ್ನುಗಳನ್ನು ಎಣಿಸುತ್ತ ನಿಂತೆ. ಸುಳ್ಳು ಹೇಳಿದ ದಿನವೂ ನನಗೆ ಇಷ್ಟು ನಾಚಿಕೆ ಆಗಿರಲಿಲ್ಲ. ಕಾಕಾ ಚೀಲದಿಂದ ಸಾಗವಾನಿಯ ತುಂಡೊಂದನ್ನು ತೆಗೆದು ಸೋಫಾಕ್ಕೆ ಒಳಗಿನಿಂದ ಆಸರೆ ಕೊಟ್ಟರು, ಚಹಾ ಕುಡಿದರು, ಹೊರಡುವಾಗ ಅವಳ ತಲೆಯ ಮೇಲೆ ಕೈಯಿಟ್ಟರು. ನನಗೆ, "ಬರ್ತೀನ್ರಿ" ಎಂದರು.

ಅವತ್ತು ಅವಳು ನನ್ನನ್ನು ಏನೂ ಕೇಳಲಿಲ್ಲ. ಊಟಕ್ಕೆ ಎಂದಿನಂತೆ ಬಡಿಸಿದಳು. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ನಾಲ್ಕು ದಿನ ಬಿಟ್ಟು ನಾನು ರಾಣೇಬೆನ್ನೂರಿಗೆ ಹೋದೆ. ಕಾಕಾ ಶೆಡ್ಡಿನಲ್ಲಿ ಉಳಿ ಮಸೆಯುತ್ತಿದ್ದರು. ಮೂಲೆಯಲ್ಲಿ ಹಲಗೆಗಳು ಇನ್ನೂ ಇದ್ದವು. 'ಮಾಸ್ತರ ಮನಿ' ಅರ್ಧ ಅಳಿಸಿತ್ತು.

"ಕಾಕಾ, ಶಶಿ ಹಂಗ ಅಂದಿದ್ದಿಲ್ಲ. ನಾನ ಸುಳ್ಳ ಹೇಳಿದ್ದೆ" ಎಂದೆ.

ಅವರು ಮಸೆಯುವುದನ್ನು ನಿಲ್ಲಿಸಲಿಲ್ಲ. "ಆಕಿ ಪುರಸೊತ್ತು ಅಂದಾಗನ ನನಗ ತಿಳೀತ್ರಿ."

"ಮತ್ತ ಅಲ್ಲೇ ಯಾಕ ಅನ್ನಲಿಲ್ಲ?"

"ಆಕಿ ನಿಮ್ಮ ಮರ್ಯಾದಿ ಕಾಯಾಕ ಹೊಂಟಿದ್ಲು. ನಾ ನಡುವ ಬಂದು ಕೆಡಸ್ಲೇನು?" ಉಳಿಯ ಅಂಚನ್ನು ಹೆಬ್ಬೆರಳಿನಿಂದ ನೋಡಿಕೊಂಡರು. "ಒಂದೂವರಿ ವರ್ಷ ಆ ಹೆಣ್ಣಮಗಳ ಮ್ಯಾಲ ಸಿಟ್ಟು ಇಟ್ಕೊಂಡು ತಿರಗ್ಯಾಡಿದ್ನೆಲ್ರಿ ಮಾಸ್ತರ. ಮೊಮ್ಮಗಳ ಮದುವಿಗೆ ಹೇಳಬ್ಯಾಡ ಅಂತ ನಾನ ಮನ್ಯಾಗ ಅಂದೆ. ಅದನ್ನ ಎಲ್ಲಿಂದ ತರ್ಲಿ ಈಗ?"

ಕುರ್ಚಿ ಮಾಡಿಕೊಡಿರಿ, ಎಲ್ಲವನ್ನೂ ನಿಮ್ಮ ಕೈಲೇ ಮಾಡಿಸುತ್ತೇನೆ ಎಂದೆ. ಕಾಕಾ ಎದ್ದು ಜಂತಿಗೆ ಸಿಕ್ಕಿಸಿದ ದಂಟಿನ ಕಟ್ಟನ್ನು ತೆಗೆದರು. ಶಶಿಕಲಾಳದನ್ನು ಬೇರೆ ಇಟ್ಟುಕೊಂಡು, ನನ್ನದನ್ನು ನನ್ನ ಕೈಗೆ ಕೊಟ್ಟರು.

"ಆಕೀದು ಮಾಡ್ತೀನಿ. ಇದರ ಅಳತಿಗೆ ನಾ ಕುರ್ಚಿ ಮಾಡೂದಿಲ್ರಿ. ನನ್ನ ಮುಂದ ಹೇಳಿದ್ದಾತು. ಆಕಿ ಮುಂದ ಹೇಳೀರೇನು?"

ಇಲ್ಲ ಎಂದೆ.

"ಹೇಳ್ರಿ. ಆಮ್ಯಾಲ ಬಂದು ಹೊಸಾದು ಮುರದು ಕೊಡ್ರಿ."

ದಂಟನ್ನು ಬಸ್ಸಿನಲ್ಲಿ ಹಿಡಿದುಕೊಂಡು ಬಂದೆ. ಪಕ್ಕದಲ್ಲಿ ಕೂತವನು ಬೆಳೆ ಹೇಗಿದೆ ಎಂದು ಕೇಳಿದ. ಚಲೋ ಇದೆ ಎಂದೆ. ಅದೂ ಸುಳ್ಳೇ.

ಯುಗಾದಿಯ ಮುಂದೆ ಶಶಿಕಲಾಳ ಕುರ್ಚಿ ಬಂತು. ಕೈಗಳು ಅಗಲ, ಊರಿದರೆ ಏಳಬಹುದು. ಹಿಟ್ಟು ಬಿದ್ದರೆ ಒರೆಸಬಹುದು. ಅವಳು ಅದರಲ್ಲಿ ಕೂತಾಗ ಪಾದಗಳೆರಡೂ ಸರಿಯಾಗಿ ನೆಲ ಮುಟ್ಟುತ್ತವೆ. ಎದುರಿಗೆ ಸೋಫಾದಲ್ಲಿ ಹೂತುಕೊಂಡ ನಾನು ಅವಳಿಗಿಂತ ಕೆಳಗೆ. ಹೇಳಬೇಕೆಂದು ದಿನಾ ಬಾಯಿಗೆ ಬರುತ್ತಿತ್ತು. ಕುಕ್ಕರ್ ಕೂಗುತ್ತಿತ್ತು, ಹಾಲಿನವನು ಬರುತ್ತಿದ್ದ, ನನಗೆ ಅಷ್ಟು ಸಾಕಾಗುತ್ತಿತ್ತು. ದಂಟು ಕಪಾಟಿನಿಂದ ನೋಡುತ್ತಿತ್ತು.

ಮೊನ್ನೆ ರವಿವಾರ ಮಧ್ಯಾಹ್ನ ಅವಳು ಕುರ್ಚಿಯಲ್ಲಿ ಕೂತು, ಬ್ಯಾಡಗಿಯಿಂದ ಬಂದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕುಕ್ಕರ್ ಒಲೆಯ ಮೇಲೆ ಇರಲಿಲ್ಲ. ಹೇಳಿದೆ. ಹುಬ್ಬಳ್ಳಿಯಿಂದ ಹಿಡಿದು ಆ ಮೂರನೆಯ ಮಾತಿನವರೆಗೆ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಗೊತ್ತೈತಿ" ಎಂದಳು.

"ಮತ್ತ ನಿನ್ನ ಮ್ಯಾಲ ಯಾಕ ಹಾಕ್ಕೊಂಡಿ?"

"ನಿಮ್ಮ ಮುಖ ನೋಡಾಕ ಆಗಲಿಲ್ಲ. ಅಷ್ಟ." ಬಿಡಿಸಿದ ಕಾಯಿಯನ್ನು ಮೊರಕ್ಕೆ ಹಾಕಿದಳು. "ಆ ಸೀರಿ ಇನ್ನೂ ಟ್ರಂಕಿನ್ಯಾಗ ಐತಿ. ಬರೂ ರವಿವಾರ ತಗೊಂಡು ಹೋಗೂಣು. ನನ್ನ ಮ್ಯಾಲ ಸಿಟ್ಟಾದವರು ಕಾಕಾ ಒಬ್ಬರ ಅಲ್ಲ, ಅವರ ಮನಿಮಂದಿ ಎಲ್ಲಾರೂ ಆಗ್ಯಾರ. ಅವರೆಲ್ಲಾರ ಮುಂದ ನೀವ ಹೇಳಬೇಕು. ನಾ ಸುಮ್ನ ಕುಂದರತೀನಿ."

ಹೂಂ ಎಂದೆ. ಇನ್ನು ಅಲ್ಲಿ ಕೂರಲು ಆಗಲಿಲ್ಲ, ಎದ್ದು ಹೊರಗೆ ಹೋಗೋಣವೆಂದು ಮುಂದಕ್ಕೆ ಬಾಗಿದೆ. ಸೋಫಾ ಬಿಡಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ, ಮತ್ತೆ ಹಿಂದಕ್ಕೆ ಬಿದ್ದೆ. ಅವಳು ಮೊರ ಕೆಳಗಿಟ್ಟು, ಕುರ್ಚಿಯ ಕೈಗೆ ಕೈ ಊರಿ ಎದ್ದು ಬಂದು, ಮೆಣಸಿನಕಾಯಿಯ ಬಣ್ಣ ಹತ್ತಿದ ಕೈಯನ್ನು ನನ್ನ ಮುಂದೆ ಚಾಚಿದಳು.